ಇಡುವುದೋ, ಬಿಸಾಡುವುದೋ

ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದ ಬೆಳ್ತಂಗಡಿ ಶಾಖೆಯಲ್ಲಿ ‘ತೆಗೆ’ ಎಂಬ ಶಬ್ದಕ್ಕೆ ಪ್ರವೇಶ ಇರಲಿಲ್ಲ. ಆ ಕಾನೂನು ಮಾಡಿದವರು ನಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ, ನಾವೆಲ್ಲ ಕಾಕ ಎಂದು ಕರೆಯುತ್ತಿದ್ದ ಹಿರಿಯರು. ಯಾರಾದರೂ ಬಾಯಿತಪ್ಪಿ, ಕಾಕ, ಆ ಫೈಲ್ ತೆಗೆಯುವುದಾ ಎಂದು ಕೇಳಿದರೆ ಅವರು ಕುರ್ಚಿಯನ್ನು ಪೂರ್ತಿ ಈ ಕಡೆಗೆ ತಿರುಗಿಸಿ, ಕನ್ನಡಕವನ್ನು ಹಣೆಗೆ ಏರಿಸಿ, ಕೇಳಿದವರ ಮುಖವನ್ನೇ ನೋಡುತ್ತಿದ್ದರು.

“ಇಡುವುದೋ, ಬಿಸಾಡುವುದೋ? ಅದನ್ನು ಹೇಳು. ತೆಗೆಯುವುದು ಅಂದರೆ ನನಗೆ ಅರ್ಥ ಆಗುವುದಿಲ್ಲ.”

ಅವರು ಹೇಳುವುದರಲ್ಲಿ ನ್ಯಾಯವಿತ್ತು. ನಮ್ಮ ಕಡೆ ಹೊಸ ಸ್ಕೂಟರ್ ಕೊಂಡವರು ಸ್ಕೂಟರ್ ತೆಗೆದೆ ಅನ್ನುತ್ತಾರೆ. ಕಾಲಿಗೆ ಹೊಕ್ಕ ಮುಳ್ಳನ್ನೂ ತೆಗೆಯುತ್ತಾರೆ. ಮನೆಗೆ ಬಂದದ್ದೂ ತೆಗೆದದ್ದೇ, ಮನೆಯಿಂದ ಹೋದದ್ದೂ ತೆಗೆದದ್ದೇ. ತರಕಾರಿ ಅಂಗಡಿಯಲ್ಲಿ ಇದರಿಂದ ತೊಂದರೆ ಇಲ್ಲ. ಕಾಕನ ಕೆಲಸದಲ್ಲಿ ಇತ್ತು.

ಕಾಕ ತೀರಿಹೋಗಿ ಒಂದು ಮಳೆಗಾಲ ಕಳೆಯಿತು. ಸಂತಾಪ ಸಭೆಯಲ್ಲಿ ನಮ್ಮ ಮಾಲಕರು ಅವರ ಬಗ್ಗೆ ತುಂಬ ಒಳ್ಳೆಯ ಮಾತಾಡಿದರು. ಆ ಮಾತಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಪಿಯುಸಿ ಓದಿದವಳು. ಶಾಖೆಯ ಶಟರ್ ಎತ್ತುವುದು, ಹೊಸ ಮಕ್ಕಳ ಹೆಸರು ಬರೆದುಕೊಳ್ಳುವುದು, ಫೋನ್ ತೆಗೆಯುವುದು ನನ್ನ ಕೆಲಸ. ನೋಡಿ, ಮತ್ತೆ ಅದೇ ಶಬ್ದ. ಹೋದವರ ಬಗ್ಗೆ ಬರೆಯುವಾಗ ಮನಸ್ಸು ಮೆತ್ತಗೆ ಆಗಬೇಕಂತೆ. ನನ್ನದು ಆಗಿಲ್ಲ. ಆಗಿದ್ದರೆ ಕಾಕನಿಗೂ ಸಿಟ್ಟು ಬರುತ್ತಿತ್ತು.

ಅವರು ಪಾಣೆಮಂಗಳೂರಿನ ಬ್ಯಾರಿ ಮುಸ್ಲಿಮರು. ಎತ್ತರದ ಆಳು, ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಅತ್ತರಿನ ಸಣ್ಣ ಕುಪ್ಪಿ. ಪ್ರಾಯದಲ್ಲಿ ಗಲ್ಫಿಗೆ ಹೋಗಿ ಅಲ್ಲಿ ಒಂದು ದೊಡ್ಡ ಅಂಗಡಿಯ ಉಗ್ರಾಣದಲ್ಲಿ ಇದ್ದರಂತೆ. ಅವಧಿ ಮುಗಿದ ಡಬ್ಬಿಗಳನ್ನು ಸಾಲಿನಿಂದ ಹೊರಗೆ ಹಾಕುವುದು ಮೊದಲ ಕೆಲಸ. ಆಮೇಲೆ ಅದೇ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳಲು ಕಲಿತರು. ಊರಿಗೆ ಬಂದ ಮೇಲೆ ನಮ್ಮ ಕೇಂದ್ರದ ಬಿ.ಸಿ. ರೋಡ್, ಬೆಳ್ತಂಗಡಿ, ಮೂಡುಬಿದಿರೆ ಶಾಖೆಗಳ ಯಂತ್ರಗಳೆಲ್ಲ ಅವರ ಕೈಗೆ ಬಂದವು. ಇವತ್ತು ಮಡಂತ್ಯಾರು ದಾರಿಯ ಬಸ್ಸು, ನಾಳೆ ವೇಣೂರು ದಾರಿಯ ಬಸ್ಸು. ಕಿಟಕಿಯ ಪಕ್ಕದ ಸೀಟೇ ಬೇಕು. ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದರು, ತಡವಾಯಿತೆಂದು ಮಾಲಕರು ಬೈದರೂ.

ವಿನಯ ಎಂಬುದು ಅವರಲ್ಲಿ ಚೂರೂ ಇರಲಿಲ್ಲ. ತನ್ನಷ್ಟು ಚೊಕ್ಕವಾಗಿ ಕಂಪ್ಯೂಟರ್ ಇಟ್ಟುಕೊಳ್ಳುವವನು ಮೂರು ತಾಲೂಕಿನಲ್ಲಿ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ನಾವು ನಕ್ಕರೆ, ಇದ್ದರೆ ಕರೆದುಕೊಂಡು ಬನ್ನಿ, ಚಾ ಕೊಡಿಸುತ್ತೇನೆ ಅನ್ನುತ್ತಿದ್ದರು.

ಅವರ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಮಕ್ಕಳು ಕಲಿಯುವ ಪ್ರತಿಯೊಂದು ತಂತ್ರಾಂಶಕ್ಕೆ ಬೇರೆ ಬೇರೆ ಪ್ಯಾಕೇಜುಗಳು, ಅಂದರೆ ಫೈಲುಗಳ ಕಟ್ಟುಗಳು, ಬೇಕಾಗುತ್ತವೆ. ಅವುಗಳನ್ನು ಇಂಟರ್ನೆಟ್ಟಿನಿಂದ ಇಳಿಸಬೇಕು. ನಮ್ಮ ನೆಟ್ಟು ಬಂದರೆ ಬಂತು. ಆದ್ದರಿಂದ ಕಾಕ ಪ್ರತಿ ಶಾಖೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದರು. ಒಮ್ಮೆ ಇಳಿಸಿದ ಪ್ಯಾಕೇಜ್ ಅದರಲ್ಲಿ ಉಳಿಯುತ್ತದೆ, ಉಳಿದ ಕಂಪ್ಯೂಟರುಗಳು ನೆಟ್ಟಿಗೆ ಹೋಗದೆ ಅಲ್ಲಿಂದಲೇ ಪಡೆಯುತ್ತವೆ. ಅದಕ್ಕೆ ಇಂಗ್ಲಿಷಿನಲ್ಲಿ ಕ್ಯಾಶ್ ಎಂದು ಹೆಸರು. ಮೊದಮೊದಲು ನಾವೂ ಹಾಗೇ ಅನ್ನುತ್ತಿದ್ದೆವು. ಒಂದು ದಿನ ಮಗನ ಹೆಸರು ಬರೆಸಲು ಅಳದಂಗಡಿಯಿಂದ ಬಂದಿದ್ದ ಒಬ್ಬರು, ಒಳಗಿನಿಂದ ಕಾಕ ದೊಡ್ಡ ಸ್ವರದಲ್ಲಿ “ಇಲ್ಲಿ ಕ್ಯಾಶ್ ತುಂಬಿ ಜಾಗ ಇಲ್ಲ, ಅರ್ಧ ಬಿಸಾಡ್ತೇನೆ” ಅಂದದ್ದನ್ನು ಕೇಳಿ, ಹಾಗಾದರೆ ಶುಲ್ಕದಲ್ಲಿ ಸ್ವಲ್ಪ ಕಡಿಮೆ ಮಾಡಿ ಎಂದು ಹಠ ಹಿಡಿದರು. ಅವತ್ತಿನಿಂದ ಅದರ ಹೆಸರು ಉಗ್ರಾಣ.

ಉಗ್ರಾಣ ತುಂಬುತ್ತಾ ಹೋಗುತ್ತದೆ. ಹೊಸ ಆವೃತ್ತಿ ಬರುತ್ತದೆ, ಹಳೆಯದು ಹೋಗದೆ ಅಲ್ಲೇ ಕೂತಿರುತ್ತದೆ. ಕೆಲವು ಹಳತು ಇನ್ನೂ ಬೇಕಾಗುತ್ತದೆ. ಕೆಲವನ್ನು ಯಾರೂ ಕೇಳುವುದಿಲ್ಲ. ಇನ್ನು ಕೆಲವು ಅರ್ಧ ಇಳಿದು ಕೆಟ್ಟಿರುತ್ತವೆ, ಅವನ್ನು ಹಂಚಿದರೆ ಸಾಲಿನ ಎಲ್ಲ ಕಂಪ್ಯೂಟರುಗಳೂ ಮುನಿಸಿಕೊಳ್ಳುತ್ತವೆ. ಕಾಕ ವಾರಕ್ಕೊಮ್ಮೆ ಕೂತು ಒಂದೊಂದನ್ನೇ ನೋಡುತ್ತಿದ್ದರು. ದೃಷ್ಟಿ ಮಂದವಾದ್ದರಿಂದ ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಗುತ್ತಿದ್ದರು. ಕಾಕ ಫೈಲನ್ನು ಮೂಸುತ್ತಾರೆ ಎಂದು ಮಕ್ಕಳು ತಮಾಷೆ ಮಾಡುತ್ತಿದ್ದರು.

“ಮೂಸಲೇಬೇಕು ಮಾರಾಯ್ತಿ” ಎಂದರು ಒಮ್ಮೆ ನನಗೆ. “ತಂಗಳು ಬೇರೆ, ಹಳಸಿದ್ದು ಬೇರೆ. ನಿನ್ನೆಯ ಗಂಜಿಗೆ ಉಪ್ಪಿನಕಾಯಿ ಹಾಕಿ ಉಣ್ತೇವೆ, ಅಲ್ಲವಾ? ಹಳಸಿದ್ದನ್ನು ಉಂಡರೆ ಆಸ್ಪತ್ರೆ. ಎರಡೂ ಹಳೆಯದೇ. ಗಲ್ಫಿನ ಡಬ್ಬಿಯ ಮೇಲೆ ತಾರೀಕು ಉಂಟು, ಇದರಲ್ಲಿ ಇಲ್ಲ.”

ಹೊಸ ಆವೃತ್ತಿ ಬಂದ ಕೂಡಲೇ ಹಿಂದಿನದನ್ನು ಅವರು ಬಿಸಾಡುತ್ತಿರಲಿಲ್ಲ. ಹೊಸತಕ್ಕೆ ಬುದ್ಧಿ ಬರುವವರೆಗೆ ಹಳತು ಮನೆಯಲ್ಲಿರಲಿ ಎಂಬುದು ಅವರ ಲೆಕ್ಕ. ಬಿಸಾಡುವಾಗಲೂ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ, ಪಕ್ಕದಲ್ಲಿ ಇದ್ದವರನ್ನು “ಇಡುವುದೋ, ಬಿಸಾಡುವುದೋ?” ಎಂದು ಕೇಳುತ್ತಿದ್ದರು. ನನಗೇನು ಗೊತ್ತು ಎಂದರೆ, ಗೊತ್ತಿಲ್ಲದಿದ್ದರೆ ಇಡು ಎನ್ನಬೇಕು ಅನ್ನುತ್ತಿದ್ದರು.

ಮನುಷ್ಯರ ವಿಷಯದಲ್ಲೂ ಅವರು ಏನನ್ನೂ ಬಿಸಾಡುತ್ತಿರಲಿಲ್ಲ. ಶಾಲೆಯಲ್ಲಿ ತನ್ನ ಟೊಪ್ಪಿಯನ್ನು ಕಿತ್ತು ಬಾವಿಗೆ ಹಾಕಿದವನ ಹೆಸರು ಅವರಿಗೆ ನೆನಪಿತ್ತು. ಆತ ಮುಂದೆ ಬಿ.ಸಿ. ರೋಡಿನಲ್ಲಿ ಹೋಟೆಲ್ ಇಟ್ಟ. ಆ ಹೋಟೆಲಿನ ಚಾ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಕಾಕ ಸಾಯುವವರೆಗೆ ಅದರ ರುಚಿ ನೋಡಲಿಲ್ಲ. ಇಷ್ಟು ವರ್ಷ ಆಯಿತಲ್ಲ, ಮರೆತುಬಿಡಿ ಕಾಕ ಎಂದರೆ, “ಜಾಗ ಇಲ್ಲದವರು ಮರೆಯಲಿ. ನನ್ನ ಡಿಸ್ಕಿನಲ್ಲಿ ಜಾಗ ಉಂಟು” ಎಂದರು.

ಇನ್ನು ಮಾಲಕರ ವಿಷಯ.

ಅವರು ಕೆಟ್ಟವರೆಂದು ಯಾರೂ ಹೇಳುವುದಿಲ್ಲ. ಮದುವೆಗೆ ಕರೆದರೆ ಬರುತ್ತಾರೆ, ಹಬ್ಬಕ್ಕೆ ಸಿಹಿ ಕೊಡುತ್ತಾರೆ. ಮರ್ಯಾದೆಯ ಆಸೆ ಮಾತ್ರ ಸ್ವಲ್ಪ ಜಾಸ್ತಿ. ಅವರ ಮನೆಮಾತು ತುಳು, ನನ್ನದೂ ತುಳು, ಕಾಕನದ್ದು ಬ್ಯಾರಿ. ನಾವು ಮೂವರೂ ತುಳುವಿನಲ್ಲೇ ಮಾತಾಡಿದ್ದರೆ ಸಾಕಿತ್ತು. ಆದರೆ ತುಳುವಿನಲ್ಲಿ ಮಾತಾಡಿದರೆ ಕೇಂದ್ರ ಅಂಗಡಿಯ ಹಾಗೆ ಕಾಣುತ್ತದೆ, ಆಫೀಸಿನಲ್ಲಿ ಕನ್ನಡವೇ ಆಗಬೇಕು ಎಂದು ಮಾಲಕರೇ ಹೇಳಿದ್ದರು. ಆದ್ದರಿಂದ ಮನೆಯಲ್ಲಿ ಕನ್ನಡ ಮಾತಾಡದ ಮೂವರು ಅಲ್ಲಿ ಪುಸ್ತಕದ ಕನ್ನಡದಲ್ಲಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದೆವು.

ಒಂದು ಜೂನಿನಲ್ಲಿ ನಮ್ಮ ಬೆಳ್ತಂಗಡಿ ಶಾಖೆಗೆ ಒಂದು ಕಂಪೆನಿಯವರು ಮಕ್ಕಳನ್ನು ಪರೀಕ್ಷೆ ಮಾಡಿ ಕೆಲಸಕ್ಕೆ ಆರಿಸಲು ಬರುವುದಿತ್ತು. ಕೈಯಿಂದ ಮಾಡಿ ತೋರಿಸುವ ಪರೀಕ್ಷೆ. ಅದಕ್ಕೆ ಅವರು ಕೇಳಿದ್ದು ತಂತ್ರಾಂಶದ ಹಳೆಯ ಆವೃತ್ತಿಯನ್ನು. ಅವತ್ತು ಬೆಳಿಗ್ಗೆ ಅವರ ಎದುರೇ ಎಲ್ಲ ಕಂಪ್ಯೂಟರುಗಳಿಗೆ ಹೊಸದಾಗಿ ಹಾಕಬೇಕೆಂದು ಷರತ್ತು. ಕಾಕ ಒಂದಿಡೀ ದಿನ ಕೂತು ಬೇಕಾದ ಪ್ಯಾಕೇಜುಗಳನ್ನೆಲ್ಲ ಇಳಿಸಿ ಉಗ್ರಾಣದಲ್ಲಿ ಇಟ್ಟಿದ್ದರು. ಕಕ್ಕಿಂಜೆಯಿಂದ ಬರುತ್ತಿದ್ದ ಒಬ್ಬಳು ಹುಡುಗಿ ಆ ಪರೀಕ್ಷೆಗೆ ಎಷ್ಟು ಓದಿದ್ದಳೆಂದರೆ, ಆಯ್ಕೆಯಾಗುವುದು ಅವಳೇ ಎಂದು ಉಳಿದ ಮಕ್ಕಳೇ ಹೇಳುತ್ತಿದ್ದರು.

ಪರೀಕ್ಷೆಗೆ ಎರಡು ದಿನ ಇರುವಾಗ ಮಾಲಕರು ಯಾರೋ ದೊಡ್ಡವರನ್ನು ಮೂಡುಬಿದಿರೆ ಶಾಖೆ ತೋರಿಸಲು ಕರೆದೊಯ್ದಿದ್ದರು. ಅವರ ಕಣ್ಣೆದುರೇ ಉಗ್ರಾಣದ ಪರದೆಯಲ್ಲಿ, ಜಾಗ ಮುಗಿಯುತ್ತಾ ಬಂತೆಂದು ಕೆಂಪು ಅಕ್ಷರ ಮೂಡಿತಂತೆ. ಇದೇನೆಂದು ಬಂದವರು ಕೇಳಿದ್ದಾರೆ. ಇವರಿಗೆ ಹೇಳಲು ಗೊತ್ತಾಗಲಿಲ್ಲ. ಅಲ್ಲಿಂದಲೇ ನಮಗೆ ಫೋನ್ ಬಂತು. ಕಾಕನ ಕೈಯಲ್ಲಿ ಕೆಲಸವಿತ್ತು, ಆದ್ದರಿಂದ ನಾನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟೆ.

“ಹಳೆಯದೆಲ್ಲ ತೆಗೆಯಿರಿ. ಮೂರು ಕಡೆಯೂ. ಈಗಲೇ.”

ಇಡುವುದೋ ಬಿಸಾಡುವುದೋ ಎಂದು ಕಾಕ ಕೇಳಿದರು. ನಿಮಗೆ ಕನ್ನಡ ಬರುವುದಿಲ್ಲವಾ ಎಂದರು ಮಾಲಕರು. ನಾಡಿದ್ದಿನ ಪರೀಕ್ಷೆಯದ್ದು ಅದರೊಳಗೆ ಉಂಟು ಎಂದು ಕಾಕ ಹೇಳಿದರು. ಬೇಕಿದ್ದರೆ ಮತ್ತೆ ಇಳಿಸಿ, ನೆಟ್ ಮತ್ತೆ ಇರುವುದು ಯಾತಕ್ಕೆ ಎಂದು ಉತ್ತರ ಬಂತು. ಕಾಕ ಇನ್ನೊಮ್ಮೆ ಕೇಳಿದರು.

“ತೆಗೆಯಿರಿ ಅಂದೆನಲ್ಲ! ಒಂದೂ ಇರಬಾರದು.”

ಕಾಕ ನನ್ನ ಮುಖ ನೋಡಿದರು. ಆಮೇಲೆ ಫೋನಿನ ಕಡೆ ಬಗ್ಗಿ, ಆಯ್ತು, ಬಿಸಾಡ್ತೇನೆ ಎಂದರು. ಆ ಕಡೆ ಫೋನ್ ಇಟ್ಟಾಗಿತ್ತು.

ಒಂದು ಪ್ರತಿಯನ್ನು ತನ್ನ ಚೀಲದ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳಬಹುದಿತ್ತು. ನಾನು ಹೇಳಿದೆ ಕೂಡ. ಕಾಕ ಕೇಳಲಿಲ್ಲ. ಎರಡು ಸಲ ಕೇಳಿದೆ, ಎರಡು ಸಲ ಹೇಳಿದ್ದಾನೆ, ಇನ್ನು ಅವನೇ ಉಣ್ಣಲಿ ಎಂದು ಎಲ್ಲವನ್ನೂ ಅಳಿಸಿದರು. ಅವತ್ತು ಯಾವ ಹೆಸರನ್ನೂ ಓದಲಿಲ್ಲ, ಯಾವುದನ್ನೂ ಮೂಸಲಿಲ್ಲ. ಅವರ ಹಠ ಅಂಥದ್ದು. ಒಳ್ಳೆಯದೆಂದು ನಾನು ಹೇಳುವುದಿಲ್ಲ. ಮರುದಿನ ಇಳಿಸಿದರಾಯಿತೆಂದು ಅವರಿಗೂ ಇತ್ತು.

ಆ ರಾತ್ರಿಯ ಗಾಳಿಗೆ ಉಜಿರೆ ಹತ್ತಿರ ಮರ ಬಿದ್ದು ಕೇಬಲ್ ಹೋಯಿತು. ನಮಗೆ ನೆಟ್ ಇಲ್ಲ. ಮೊಬೈಲಿನ ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ಮೂಡುಬಿದಿರೆಗೆ ಫೋನ್ ಮಾಡಿದರೆ ಅಲ್ಲಿಯ ಉಗ್ರಾಣವನ್ನೂ ಮಾಲಕರು ತಾವೇ ನಿಂತು ಖಾಲಿ ಮಾಡಿಸಿದ್ದರು. ನೆಟ್ ಇದ್ದ ಬಿ.ಸಿ. ರೋಡಿಗೆ ಹೋಗಿ ಕಾಕ ರಾತ್ರಿಯವರೆಗೂ ಇಳಿಸುತ್ತಾ ಕೂತರು. ಪರೀಕ್ಷೆಯ ದಿನ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಅವರು ಹತ್ತಿದ ಬಸ್ಸು ಮಡಂತ್ಯಾರಿನಲ್ಲಿ ಕೆಟ್ಟು ನಿಂತಿತು. ಕಂಪೆನಿಯವರು ಕಾದರು, ಗಡಿಯಾರ ನೋಡಿದರು, ಹೋದರು. ಅವರ ಕಾರು ತಿರುಗಿದ ಸ್ವಲ್ಪ ಹೊತ್ತಿಗೆ ಕಾಕ ಬಂದರು. ಪೂರ್ತಿ ಒದ್ದೆ. ಹಾರ್ಡ್ ಡಿಸ್ಕನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಒಳಗೆ ಇಟ್ಟುಕೊಂಡಿದ್ದರು.

ಜಗಲಿಯಲ್ಲಿ ತಂದೆತಾಯಂದಿರು ನಿಂತಿದ್ದರು. ಮಾಲಕರು ಸಮಾಧಾನ ಹೇಳುತ್ತಿದ್ದರು.

“ನಾನು ಹೇಳಿದ್ದು ತೆಗೆದಿಡಿ ಅಂತ. ಇವರು ಬಿಸಾಡಿದರು. ಏನು ಮಾಡುವುದು, ಅವರ ಮನೆಮಾತು ಬೇರೆ, ಕನ್ನಡ ಅಷ್ಟು ಗೊತ್ತಾಗುವುದಿಲ್ಲ.”

ತೆಗೆಯಿರಿ ಅಂದದ್ದು ತೆಗೆದಿಡಿ ಆಯಿತು. ನಡುವೆ ಒಂದು ‘ಇಡು’ ಬಂದು ಕೂತಿತು. ಅಷ್ಟೇ. ನೀವು ಇಡಿ ಅನ್ನಲಿಲ್ಲ ಸರ್, ನಾನೂ ಕೇಳಿದ್ದೇನೆ ಎಂದು ನಾನು ಹೇಳಿದೆ. ನೀನು ಒಳಗೆ ಹೋಗಿ ಎಲ್ಲರಿಗೂ ನೀರು ತಾ ಎಂದರು. ಕಕ್ಕಿಂಜೆಯ ಹುಡುಗಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳ ತಾಯಿ ಕಾಕನ ಹತ್ತಿರ ಬಂದು, ಸ್ವರ ಏರಿಸದೆ ಕೇಳಿದರು.

“ನಿಮ್ಮದೇ ಮಗಳಾಗಿದ್ದರೆ ಬಿಸಾಡ್ತಿದ್ದಿರಾ?”

ಪ್ರತಿಯೊಬ್ಬರಿಗೂ ಕೂಡಲೇ ತಿರುಗಿಸಿ ಹೇಳುವ ಮನುಷ್ಯ, ಆ ಹೆಂಗಸಿನ ಎದುರು ಹಾರ್ಡ್ ಡಿಸ್ಕಿನ ಪ್ಲಾಸ್ಟಿಕ್ಕನ್ನು ಬಿಡಿಸಿ, ಮತ್ತೆ ಸುತ್ತಿದರು. ಮರುದಿನದಿಂದ ಬರುವುದು ಬೇಡ ಎಂದು ಅವರಿಗೆ ಹೇಳಲಾಯಿತು.

ಆಮೇಲೆ ಅವರು ಪಾಣೆಮಂಗಳೂರಿನಲ್ಲಿ ಅಳಿಯನ ಮೊಬೈಲ್ ಅಂಗಡಿಯಲ್ಲಿ ಕೂರುತ್ತಿದ್ದರು. ನಾನು ಊರಿಗೆ ಹೋಗುವಾಗಲೆಲ್ಲ ಅಲ್ಲಿ ಇಳಿದು ಮಾತಾಡಿಸಿ ಹೋಗುತ್ತಿದ್ದೆ. ಚಾ ತರಿಸುತ್ತಿದ್ದರು. ಕೆಲಸ ಹೋದದ್ದರ ಬಗ್ಗೆ ಒಂದು ದಿನವೂ ಹೇಳಲಿಲ್ಲ. ಅವರ ಹೊಟ್ಟೆಯಲ್ಲಿ ಇದ್ದದ್ದು ಬೇರೆ.

“ಆ ಹೆಂಗಸು ನನ್ನನ್ನು ಏನೆಂದು ತಿಳಿದುಕೊಂಡಿದ್ದಾಳೆ, ಹೇಳು. ಅವನು ಒಮ್ಮೆ, ಒಂದೇ ಒಂದು ಸಲ, ಬಿಸಾಡಿ ಅಂತಲೇ ನಾನು ಹೇಳಿದ್ದು ಎಂದು ಬಾಯಿಬಿಟ್ಟು ಹೇಳಲಿ. ಅವಳ ಕಿವಿಗೆ ಬೀಳಲಿ. ಬೇರೆ ಏನೂ ಬೇಡ ನನಗೆ.”

ಹುಡುಗಿಯ ಮನೆಗೆ ಹೋಗಿ ನಾವೇ ಹೇಳುವ ಎಂದೆ. ಅವರು ತಲೆ ಅಲ್ಲಾಡಿಸಿದರು. ತಾನು ಹೇಳಿದರೆ ಅದು ನೆಪ ಆಗುತ್ತದೆ, ನೀನು ಹೇಳಿದರೆ ಮುಲಾಜು ಆಗುತ್ತದೆ, ಅವನೇ ಹೇಳಬೇಕು ಎಂದರು.

ಸಿಕ್ಕಿದ ಅವಕಾಶವನ್ನು ಅವರು ಬಿಡಲೂ ಇಲ್ಲ. ಕೆಲವು ತಿಂಗಳಾದ ಮೇಲೆ ಮೂಡುಬಿದಿರೆಯ ಉಗ್ರಾಣ ಕೆಟ್ಟಿತು. ಯಾವ ಪ್ಯಾಕೇಜ್ ಕೇಳಿದರೂ ಇದೆ ಎಂದು ಪಟ್ಟಿ ಹೇಳುತ್ತದೆ, ಹುಡುಕಿದರೆ ಇಲ್ಲ. ಹೊಸದಾಗಿ ಬಂದವರು ಹೋರಾಡಿ ಸೋತರು. ಕೊನೆಗೆ ಮಾಲಕರು ನಮ್ಮ ಶಾಖೆಯಲ್ಲಿ ಎಲ್ಲರ ಎದುರು ನಗುನಗುತ್ತಾ ಕಾಕನಿಗೆ ಫೋನ್ ಮಾಡಿ, ಹೇಗಿದ್ದೀರಿ, ಆರೋಗ್ಯವಾ ಎಂದೆಲ್ಲ ವಿಚಾರಿಸಿ, ಉಗ್ರಾಣಕ್ಕೆ ಏನು ಮಾಡಬೇಕೆಂದು ಕೇಳಿದರು.

“ತೆಗೆಯಿರಿ” ಎಂದು ಹೇಳಿ ಕಾಕ ಫೋನ್ ಇಟ್ಟರು.

ಮತ್ತೆ ಮಾಡಿದರು. ಮತ್ತೆ ಅದೇ ಉತ್ತರ. ಮಾಲಕರ ಕಿವಿ ಕೆಂಪಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಮುಂದಿನ ಸಲ ಕಾಕನಿಗೆ ವರ್ಣಿಸಿ ಹೇಳಿದಾಗ ಅವರು ನಕ್ಕು ನಕ್ಕು ಕೆಮ್ಮು ಬಂದು, ಅಳಿಯ ನೀರು ಕೊಡಬೇಕಾಯಿತು. ಎಡ ಕಿವಿಯಾ, ಬಲ ಕಿವಿಯಾ ಎಂದು ಕೇಳಿದರು. ಎರಡೂ ಎಂದೆ. ಇನ್ನೊಮ್ಮೆ ಹೇಳು ಎಂದರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. ಆ ಕೆಮ್ಮೇ ಜೋರಾಗಿ, ಮಂಗಳೂರಿನ ಆಸ್ಪತ್ರೆಯಲ್ಲಿದ್ದು, ರಂಜಾನ್ ತಿಂಗಳು ಶುರುವಾಗುವ ಮೊದಲೇ ತೀರಿಹೋದರು. ಕೇಳಬೇಕಾದ ಮಾತನ್ನು ಕೇಳದೆ ಹೋದರು.

ನಾನು ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು. ಆಸ್ಪತ್ರೆಯಲ್ಲಿ ಔಷಧಿ ಕೊಡಲು ಬಂದ ನರ್ಸಿಗೂ ಇಡುವುದೋ ಬಿಸಾಡುವುದೋ ಎಂದು ಕೇಳುತ್ತಿದ್ದರಂತೆ. ಅದನ್ನು ಹೇಳುವಾಗ ಅವರಿಗೆ ನಗುವೂ ಬಂತು, ಅಳುವೂ ಬಂತು.

ಬಿ.ಸಿ. ರೋಡಿನಲ್ಲಿ ಸಂತಾಪ ಸಭೆ ನಡೆಯಿತು. ಅವರು ನನ್ನ ಸ್ವಂತ ಅಣ್ಣನ ಹಾಗೆ ಎಂದರು ಮಾಲಕರು. ಸಣ್ಣಪುಟ್ಟ ತಪ್ಪು ತಿಳುವಳಿಕೆ ಮನೆಯೊಳಗೂ ಆಗುತ್ತದೆ ಎಂದರು. ತಪ್ಪು ತಿಳಿದುಕೊಂಡವರು ಯಾರೆಂದು ಹೇಳಲಿಲ್ಲ. ಆಮೇಲೆ ಕಾಕನ ಗುರುತುಚೀಟಿಯ ಫೋಟೋವನ್ನು ದೊಡ್ಡದು ಮಾಡಿಸಿ, ಹಾರ ಹಾಕಿಸಿ, ಮೂರೂ ಶಾಖೆಗಳ ಗೋಡೆಗೆ ಹಾಕಿಸಿದರು. ಫೋಟೋದಲ್ಲಿ ಕಾಕ ಹುಬ್ಬು ಗಂಟಿಕ್ಕಿದ್ದಾರೆ. ಅವರ ಹೆಂಡತಿಗೆ ಈ ಸಂಗತಿ ತಿಳಿಸಿದಾಗ, ನಮ್ಮಲ್ಲಿ ಫೋಟೋಗೆ ಹಾರ ಹಾಕುವ ಕ್ರಮ ಇಲ್ಲ ಮಗಳೇ ಎಂದರು. ನಾನು ಬೆಳ್ತಂಗಡಿಗೆ ಬಂದು ಹಾರವನ್ನು ಬಿಸಾಡಿದೆ, ಫೋಟೋವನ್ನು ಇಟ್ಟೆ. ಯಾರನ್ನೂ ಕೇಳಲಿಲ್ಲ.

ಕಕ್ಕಿಂಜೆಯ ಹುಡುಗಿ ಈಗ ನಮ್ಮಲ್ಲೇ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ. ಬೇರೆ ಎಲ್ಲೂ ಆಗಲಿಲ್ಲ. ಕಾಕನ ಫೋಟೋ ಇರುವ ಗೋಡೆಗೆ ಬೆನ್ನು ಹಾಕಿ ಕೂರುವುದು ಅವಳ ಅಭ್ಯಾಸ. ನಾನು ಏನೂ ಹೇಳುತ್ತಿರಲಿಲ್ಲ. ಮುಲಾಜು ಆಗುತ್ತದೆ.

ಹೋದ ತಿಂಗಳು ಮಾಲಕರಿಗೆ ಹೊಸ ಪಾಲುದಾರರು ಸಿಕ್ಕಿದರು. ಅವರು ಬೆಳ್ತಂಗಡಿ ಶಾಖೆ ನೋಡಲು ಬರುವ ದಿನ ಬೆಳಿಗ್ಗೆ ಫೋನ್ ಬಂತು. ತರಗತಿ ಶುರುವಾಗಿರಲಿಲ್ಲ. ಹೊಸ ಬ್ಯಾಚಿನವರ ತಂದೆತಾಯಂದಿರು ಬೆಂಚಿನಲ್ಲಿ ಕೂತಿದ್ದರು, ಹುಡುಗಿ ತನ್ನ ಮೇಜಿನಲ್ಲಿದ್ದಳು. ನೆಲ ಒರೆಸಿದಿರಾ, ಹೂದಾನಿ ಇಟ್ಟಿರಾ ಎಂದೆಲ್ಲ ಕೇಳಿದ ಮೇಲೆ ಮಾಲಕರು ಹೇಳಿದರು.

“ಮತ್ತೆ ಆ ಫೋಟೋ ತೆಗೆಯಿರಿ. ಬಂದವರಿಗೆ ಅದು ಯಾರು, ಇದು ಯಾರು ಅಂತ ಹೇಳುತ್ತಾ ಕೂರಲಿಕ್ಕೆ ಆಗುವುದಿಲ್ಲ.”

ನಾನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟೆ. ಅದೇ ಮೇಜು.

“ಇಡುವುದೋ, ಬಿಸಾಡುವುದೋ, ಸರ್?”

“ಏನು?”

“ತೆಗೆಯಿರಿ ಅಂದರೆ ಇಡುವುದೋ, ಬಿಸಾಡುವುದೋ?”

“ನಿನಗೆ ಕನ್ನಡ ಬರುವುದಿಲ್ಲವಾ? ತೆಗೆಯಿರಿ ಅಂದರೆ ಬಿಸಾಡುವುದು. ಅದಕ್ಕೆ ಬೇರೆ ಏನು ಅರ್ಥ ಉಂಟು?”

“ಯಾವಾಗಲೂ ಅದೇ ಅರ್ಥವಾ ಸರ್? ಪರೀಕ್ಷೆಗೆ ಮೊದಲು ಕಾಕನಿಗೆ ಹೇಳಿದಾಗಲೂ?”

ನೀನು ಯಾರ ಹತ್ತಿರ ಮಾತಾಡ್ತಿದ್ದೀ ಗೊತ್ತುಂಟಾ ಎಂದರು. ಗೊತ್ತುಂಟು ಸರ್, ಇಲ್ಲಿ ಎಲ್ಲರಿಗೂ ಕೇಳಿಸ್ತಾ ಉಂಟು ಎಂದೆ. ಅವರು ಫೋನ್ ಇಟ್ಟರು.

ಹುಡುಗಿ ಕುರ್ಚಿಯನ್ನು ತಿರುಗಿಸಿ ಕೂತಿದ್ದಳು. ಕಾಕನ ಫೋಟೋವನ್ನು ಅವಳು ನೆಟ್ಟಗೆ ನೋಡಿದ್ದು ಅವತ್ತೇ ಮೊದಲು. “ಅಕ್ಕಾ, ಅಮ್ಮನಿಗೆ ನಾನು ಹೇಳ್ತೇನೆ” ಎಂದಳು.

ಪಾಲುದಾರರು ಬರುವ ಮೊದಲು ನಾನು ಸ್ಟೂಲ್ ಹಾಕಿ ಹತ್ತಿ ಫೋಟೋವನ್ನು ಗೋಡೆಯಿಂದ ಇಳಿಸಿದೆ, ಗಾಜು ಒರೆಸಿದೆ, ಮೂಲೆಯ ಉಗ್ರಾಣದ ಕಂಪ್ಯೂಟರಿನ ಮೇಲೆ ಬಾಗಿಲಿಗೆ ಎದುರಾಗಿ ನಿಲ್ಲಿಸಿದೆ. ಈಗ ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಆ ಗಂಟಿಕ್ಕಿದ ಹುಬ್ಬು. ಮಾಲಕರೂ ನೋಡಿದ್ದಾರೆ. ಇನ್ನೂ ಏನೂ ಕೇಳಿಲ್ಲ. ಕೇಳಲಿ ಎಂದು ಕಾಯುತ್ತಿದ್ದೇನೆ, ಉತ್ತರ ಸಿದ್ಧವಿದೆ. ನೀವು ಹೇಳಿದ್ದು ತೆಗೆದಿಡಿ ಅಂತ ಅಲ್ಲವಾ ಸರ್? ತೆಗೆದಿಟ್ಟಿದ್ದೇನೆ. ನಮ್ಮ ಮನೆಮಾತು ಬೇರೆ, ಕನ್ನಡ ಅಷ್ಟು ಗೊತ್ತಾಗುವುದಿಲ್ಲ.